ದಂತವೈದ್ಯರ ಬಿಡುವು ಎಂಬ ಭ್ರಮೆ

ಈಚಿನ ವರ್ಷಗಳಲ್ಲಿ ನಮ್ಮ ಸೀಮೆಯ ಸಭೆಗಳಲ್ಲಿಯೂ ಮದುವೆಯ ಚಪ್ಪರಗಳಲ್ಲಿಯೂ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ. 2020ರ ಲಾಕ್‌ಡೌನ್ ಕಾಲವನ್ನು ನೆನೆದು, 'ಏನೇ ಹೇಳಿ, ಮನುಷ್ಯನಿಗೆ ಮನೆ ಎಂಬುದೊಂದಿದೆಯೆಂದು ಆಗಲೇ ತಿಳಿದದ್ದು' ಎಂದು ಉಸಿರೆಳೆಯುವವರು ಅನೇಕರು. ಆ ಮಾತಿಗೆ ನಿದರ್ಶನ ಬೇಕಾದಾಗ ಅವರು ದಂತವೈದ್ಯರನ್ನು ಮುಂದೆ ತರುತ್ತಾರೆ. ಬೆಳಗಿನಿಂದ ರಾತ್ರಿಯ ತನಕ ಪರರ ಬಾಯಿಯೊಳಗೆ ಬಗ್ಗಿ ನೋಡುತ್ತಿದ್ದವರು ಆಗ ಮಕ್ಕಳೊಡನೆ ಚೆನ್ನೆಮಣೆ ಆಡಿದರಂತೆ. ಅಂಗಳದಲ್ಲಿ ಬಸಳೆ ಚಪ್ಪರ ಹಾಕಿದರಂತೆ. ವೃತ್ತಿ ಮತ್ತು ಬದುಕು ಎಂಬ ಎರಡು ತಟ್ಟೆಗಳು ಮೊದಲ ಸಲ ಸಮತೂಕಕ್ಕೆ ಬಂದುವಂತೆ. ಕೇಳುವವರೂ ತಲೆದೂಗುತ್ತಾರೆ. ನಾವೂ ಕೆಲವು ಸಲ ತಲೆದೂಗಿದ್ದೇವೆಂದು ಒಪ್ಪಿಕೊಂಡೇ ಈ ಲೇಖನವನ್ನು ಆರಂಭಿಸುತ್ತಿದ್ದೇವೆ. ಆದರೆ ಯೋಚಿಸಿ ನೋಡಿದಾಗ ಇದು ಸುಳ್ಳು ಮಾತೆಂದೂ, ಸುಳ್ಳು ಮಾತ್ರವಲ್ಲದೆ ಅಪಾಯಕರವಾದ ಮಾತೆಂದೂ ನಮಗೆ ಮನವರಿಕೆಯಾಗಿದೆ. ಆ ಮನವರಿಕೆಯನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಅಡಿಕೆ ತೂಗುವ ನಾಡಿನವರಾದ ನಮಗೆ ತಕ್ಕಡಿಯ ನ್ಯಾಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ತಟ್ಟೆಗಳಲ್ಲಿ ಒಂದನ್ನು ಕಿತ್ತೆಸೆದರೆ ಉಳಿದುದು ಸಮತೋಲನಕ್ಕೆ ಬರುವುದಿಲ್ಲ, ನೆಲಕ್ಕೆ ಬೀಳುತ್ತದೆ. ಬಿಡುವು ಎಂದರೆ ಏನು? ದುಡಿಯುವವನು ತಾನಾಗಿ ಆರಿಸಿಕೊಂಡ ವಿರಾಮ. ಮರುದಿನ ಕೆಲಸವಿದೆಯೆಂಬ ಭರವಸೆ. ತಾನಿಲ್ಲದಾಗ ತನ್ನನ್ನು ನಂಬಿದವರನ್ನು ನೋಡಿಕೊಳ್ಳುವ ಇನ್ನೊಬ್ಬನಿದ್ದಾನೆಂಬ ನೆಮ್ಮದಿ. ಈ ಮೂರೂ ಇದ್ದಲ್ಲಿ ಮಾತ್ರ ಅದು ಬಿಡುವು. 2020ರ ಮಾರ್ಚಿನಲ್ಲಿ ದಂತವೈದ್ಯರಿಗೆ ಇವುಗಳಲ್ಲಿ ಯಾವುದು ಇತ್ತು? ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ಹಾಸ್ಯಕ್ಕಾಗಿ ಬಳಸುತ್ತೇವೆ. ಹಲ್ಲಿನ ವೈದ್ಯರ ಪಾಲಿಗೆ ಅದು ಅಂದು ಹಾಸ್ಯವಾಗಿರಲಿಲ್ಲ.

ನಡೆದುದನ್ನು ಕ್ರಮವಾಗಿ ನೋಡೋಣ. ಭಾರತದ ಮೊದಲ ಕೋವಿಡ್ ಪ್ರಕರಣವು 2020ರ ಜನವರಿ 30ರಂದು ತೃಶ್ಶೂರಿನಲ್ಲಿ ಪತ್ತೆಯಾಯಿತು. ಮೂರನೆಯದು ಫೆಬ್ರವರಿ 3ರಂದು ನಮ್ಮ ಕಾಸರಗೋಡು ಜಿಲ್ಲೆಯಲ್ಲಿಯೇ. ಮೂವರೂ ಚೀನಾದ ವುಹಾನಿನಿಂದ ಮರಳಿದ ವಿದ್ಯಾರ್ಥಿಗಳು. ಮಾರ್ಚ್ 22ರಂದು ಜನತಾ ಕರ್ಫ್ಯೂ. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಂದ್. ಆ ಹೊತ್ತಿಗೆ ದಂತವೈದ್ಯರ ಪಾಡು ಏನೆಂಬುದು ಲೋಕಕ್ಕೆ ತಿಳಿದಿತ್ತು. ವುಹಾನಿನ ದಂತವೈದ್ಯರೇ ತಮ್ಮ ಅನುಭವವನ್ನು ಬರೆದು ಎಚ್ಚರಿಸಿದ್ದರು. ಅಮೆರಿಕದ ದಂತವೈದ್ಯ ಸಂಘವು ಮಾರ್ಚ್ 16ರಂದು, ತುರ್ತಲ್ಲದ ಚಿಕಿತ್ಸೆಯನ್ನು ಮುಂದೂಡುವಂತೆ ತನ್ನ ಸದಸ್ಯರಿಗೆ ಸಲಹೆಯಿತ್ತಿತು. ಮಾರ್ಚ್ ನಡುವಿನಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಸೋಂಕಿನ ಭಯ ಯಾವ ಕಸುಬಿಗೆ ಎಷ್ಟು ಎಂದು ಪಟ್ಟಿ ಮಾಡಿದಾಗ, ಹಲ್ಲು ಶುಚಿಗೊಳಿಸುವವರೂ ದಂತವೈದ್ಯರೂ ಅದರ ತುತ್ತತುದಿಯಲ್ಲಿದ್ದರು.

ಕಾರಣವು ಸರಳವಾದುದು. ಹಲ್ಲನ್ನು ಕೊರೆಯುವ ಯಂತ್ರವು ನಿಮಿಷಕ್ಕೆ ಮೂರು ನಾಲ್ಕು ಲಕ್ಷ ಸುತ್ತು ತಿರುಗುತ್ತದೆ. ಅದು ಬಿಸಿಯಾಗದಂತೆ ನೀರು ಚಿಮ್ಮುತ್ತಲೇ ಇರಬೇಕು. ಆ ನೀರು ಬಾಯಿಯ ಜೊಲ್ಲಿನೊಡನೆ, ಕೆಲವೊಮ್ಮೆ ರಕ್ತದೊಡನೆ ಬೆರೆತು, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಮಂಜಾಗಿ ಕೋಣೆಯಲ್ಲಿ ತೇಲುತ್ತದೆ. ಜೊಲ್ಲಿನಲ್ಲಿ ಆ ವೈರಾಣು ಇರುತ್ತದೆಂಬುದು ಸಿದ್ಧವಾದ ಸಂಗತಿ. ರೋಗಿಗಾದರೋ ಮುಖಕವಚವನ್ನು ತೆಗೆದು ಬಾಯಿ ತೆರೆಯದೆ ಬೇರೆ ದಾರಿಯಿಲ್ಲ. ವೈದ್ಯರ ಮುಖ ಆ ಬಾಯಿಯಿಂದ ಒಂದು ಮೊಳಕ್ಕಿಂತ ದೂರ ಹೋಗುವಂತಿಲ್ಲ. ಎಲ್ಲರಿಗೂ ಆರಡಿ ದೂರ ನಿಲ್ಲಿರೆಂದು ಉಪದೇಶವಾಗುತ್ತಿದ್ದ ಕಾಲದಲ್ಲಿ, ಹತ್ತಿರ ನಿಲ್ಲದೆ ಒಂದು ಕ್ಷಣವೂ ನಡೆಯದ ಕಸುಬು ಇದು. ಆದುದರಿಂದ ಬಾಗಿಲು ಮುಚ್ಚಿದವರನ್ನು ಹೇಡಿಗಳೆಂದು ಕರೆದ ನಾಲಗೆಗಳು ವಿಚಾರಹೀನವಾದುವು. ತೆರೆದಿಟ್ಟಿದ್ದರೆ ವೈದ್ಯರಿಗೆ ಮಾತ್ರವಲ್ಲ, ಸರದಿಯಲ್ಲಿ ಕುಳಿತ ಮುಂದಿನ ರೋಗಿಗೂ ಸೋಂಕು ತಗಲುತ್ತಿತ್ತು. ಮುಚ್ಚಿದುದು ಸರಿ. ನಮ್ಮ ಆಕ್ಷೇಪವಿರುವುದು ಮುಚ್ಚಿದುದಕ್ಕಲ್ಲ. ಮುಚ್ಚಿದುದನ್ನು ಬಿಡುವೆಂದು ಕರೆಯುವುದಕ್ಕೆ.

ಇನ್ನು ನಮ್ಮ ಎಣ್ಮಕಜೆಯ ಮಾತು. ಪೆರ್ಲದ ಪೇಟೆಯಿಂದ ಅಡ್ಕಸ್ಥಳದ ಹಾದಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ರಾಜ್ಯ ಬದಲಾಗುತ್ತದೆ. 1956ರ ನವೆಂಬರ್ 1ರಂದು ಗಡಿರೇಖೆ ಬಿದ್ದಿತಾದರೂ ನಮ್ಮ ಕಾಯಿಲೆಗಳು ಆ ರೇಖೆಯನ್ನು ಒಪ್ಪಿಕೊಳ್ಳಲಿಲ್ಲ. ಹೆರಿಗೆಗೆ ಪುತ್ತೂರು, ಹೃದಯಕ್ಕೆ ಮಂಗಳೂರು, ಹಲ್ಲಿಗೆ ವಿಟ್ಲ ಎಂಬುದು ನಮ್ಮ ಹಿರಿಯರಿಂದ ಬಂದ ರೂಢಿ. ದಂತವೈದ್ಯ ವಿದ್ಯಾಲಯಗಳಿರುವ ದೇರಳಕಟ್ಟೆಯೂ ಸುಳ್ಯವೂ ಗಡಿಯ ಆಚೆಗೇ ಇವೆ. ಜಿಲ್ಲೆಯೊಳಗಿನ ವಿದ್ಯಾಲಯವಿರುವುದು ತೆಂಕಣ ಪೊಯಿನಾಚಿಯಲ್ಲಿ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ತಲಪಾಡಿಯ ಹೆದ್ದಾರಿಯನ್ನು ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿಯಿತು. ಕೇರಳದ ಉಚ್ಚ ನ್ಯಾಯಾಲಯವು ಏಪ್ರಿಲ್ 1ರಂದು ತಡೆಯನ್ನು ತೆಗೆಸಬೇಕೆಂದಿತು; ವಿಷಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ಒಪ್ಪಂದದೊಡನೆ ಏಪ್ರಿಲ್ 7ರಂದು ಮುಗಿಯಿತು. ಅಷ್ಟರೊಳಗೆ ಮಂಗಳೂರಿಗೆ ತಲಪಲಾರದೆ ಕಾಸರಗೋಡಿನ ಹಲವರು ತೀರಿಕೊಂಡರೆಂದು ಪತ್ರಿಕೆಗಳು ವರದಿ ಮಾಡಿದುವು. ಇನ್ನೊಂದು ಲೆಕ್ಕವನ್ನು ಇದರ ಪಕ್ಕದಲ್ಲಿಡಬೇಕು. ಆ ವಸಂತದಲ್ಲಿ ಜಿಲ್ಲೆಯಲ್ಲಿ ಸೋಂಕು ತಗಲಿದ 178 ಮಂದಿಯೂ ಮೇ ತಿಂಗಳ ನಡುವಿನ ಮೊದಲೇ ಗುಣಮುಖರಾದರು, ಒಬ್ಬರೂ ಸಾಯಲಿಲ್ಲ. ಎಂದರೆ, ರೋಗವು ಕೊಲ್ಲದಿದ್ದ ಕಡೆ ರಸ್ತೆಯು ಕೊಂದಿತು.

ಹೃದಯರೋಗಿಯ ಸಂಕಟದ ಮುಂದೆ ಹಲ್ಲುನೋವು ಯಾವ ಲೆಕ್ಕ ಎಂದು ಕೇಳಬಹುದು. ನಿಜ, ಹಲ್ಲುನೋವಿನಿಂದ ಸಾಯುವವರು ವಿರಳ. ಆದರೆ ಹಲ್ಲಿನ ಬುಡದ ಕೀವು ದವಡೆಯಿಂದ ಕೊರಳಿಗೆ ಇಳಿದರೆ ಉಸಿರು ಕಟ್ಟುತ್ತದೆಂಬುದನ್ನು ವೈದ್ಯರು ಬಲ್ಲರು. ಆ ಏಪ್ರಿಲಿನಲ್ಲಿ ನಮ್ಮಲ್ಲೊಬ್ಬರಿಗೆ ಕೆಳದವಡೆಯ ಹಲ್ಲು ಕೆರಳಿತು. ಲವಂಗ, ಉಪ್ಪುನೀರು, ಪೇರಳೆಯ ಚಿಗುರು ಎಲ್ಲವೂ ಆದುವು. ಮೂರನೆಯ ರಾತ್ರಿ ಕೆನ್ನೆ ಬಾತು ಕಣ್ಣು ಮುಚ್ಚತೊಡಗಿದಾಗ ಗಡಿಯಾಚೆಯ ದಂತವೈದ್ಯರೊಬ್ಬರಿಗೆ ಫೋನು ಮಾಡಿದೆವು. ಬಾಯಿಯೊಳಗೆ ಬೆಳಕು ಬಿಟ್ಟು ಚಿತ್ರ ತೆಗೆದು ಕಳುಹಿಸಿರೆಂದರು. ನೋಡಿ ಮದ್ದು ಹೇಳಿದರು. ಉಸಿರಾಡಲು ಅಥವಾ ನುಂಗಲು ಕಷ್ಟವಾದರೆ ಒಂದು ಕ್ಷಣವೂ ತಡೆಯದೆ ಆಸ್ಪತ್ರೆಗೆ ಹೋಗಬೇಕೆಂದು ಎಚ್ಚರಿಸಿದರು. ನಡುರಾತ್ರಿ ಒಂದು ಗಂಟೆಗೆ, ನಾವು ಕರೆಯದೆಯೇ, ಅವರೇ ಮತ್ತೆ ಫೋನು ಮಾಡಿ ಬಾವು ಇಳಿಯಿತೇ ಎಂದು ವಿಚಾರಿಸಿದರು. ಹಿಂದಿನಿಂದ ಮಗುವೊಂದು ಅಳುವ ಧ್ವನಿ ಕೇಳುತ್ತಿತ್ತು. ಆ ರಾತ್ರಿ ಅವರು ನೋಡಿದ ರೋಗಿ ನಾವೊಬ್ಬರೇ ಆಗಿರಲಾರೆವು. ಅದಕ್ಕೆ ಅವರು ಶುಲ್ಕ ಕೇಳಲಿಲ್ಲ. ಕೊಡಬೇಕೆಂದು ನಮಗೂ ತೋಚಲಿಲ್ಲ. ಇದನ್ನು ಬಿಡುವೆನ್ನುವಿರಾ? ಚಿಕಿತ್ಸಾಲಯಕ್ಕೆ ಬಾಗಿಲಾದರೂ ಇತ್ತು, ರಾತ್ರಿ ಎಂಟಕ್ಕೆ ಮುಚ್ಚುತ್ತಿತ್ತು. ಫೋನಿಗೆ ಬಾಗಿಲಿಲ್ಲ. ಹೊರಗಿನ ಬಾಗಿಲನ್ನು ಮುಚ್ಚಿದ ಲಾಕ್‌ಡೌನ್, ಮನೆಯೊಳಗಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟಿತು.

ಇದು ಸಮಯದ ಮಾತಾಯಿತು. ಇನ್ನು ಹಣದ ಮಾತು. ತುಳುವಿನಲ್ಲಿ ಕೂಲಿ ಎಂದರೆ ಹಲ್ಲು, ಕನ್ನಡದಲ್ಲಿ ಕೂಲಿ ಎಂದರೆ ದುಡಿಮೆಯ ಫಲ. ಎರಡೂ ಭಾಷೆಗಳನ್ನಾಡುವ ನಮ್ಮ ಸೀಮೆಯಲ್ಲಿ ಆ ಎರಡು ಕೂಲಿಗಳೂ ಒಟ್ಟಿಗೇ ಕೆಟ್ಟುವು. ಪೇಟೆಯ ದಂತವೈದ್ಯನೆಂದರೆ ಬಹುಮಟ್ಟಿಗೆ ಒಬ್ಬನೇ ನಡೆಸುವ ಸಂಸ್ಥೆ. ಐದು ವರ್ಷದ ಓದಿಗೆ ಸಾಲ, ಕುರ್ಚಿಗೂ ಕ್ಷ-ಕಿರಣ ಯಂತ್ರಕ್ಕೂ ಸಾಲ, ಕೋಣೆಗೆ ಬಾಡಿಗೆ, ಸಹಾಯಕಿಗೆ ಸಂಬಳ. ಕೈ ನಿಂತ ದಿನ ಆದಾಯವೂ ನಿಂತಿತು. ರಿಸರ್ವ್ ಬ್ಯಾಂಕು ಮಾರ್ಚ್ 27ರಂದು ಸಾಲದ ಕಂತುಗಳಿಗೆ ಮೂರು ತಿಂಗಳ ವಿರಾಮವನ್ನು ಸಾರಿ, ಬಳಿಕ ಆಗಸ್ಟ್ 31ರ ತನಕ ವಿಸ್ತರಿಸಿತು. ವಿರಾಮ ದೊರೆತುದು ಕಂತಿಗೆ, ಬಡ್ಡಿಗಲ್ಲ. ಬಡ್ಡಿಯ ಮೇಲಿನ ಬಡ್ಡಿಯನ್ನು ಆಮೇಲೆ ಮನ್ನಾ ಮಾಡಿದರಾದರೂ ಅಸಲು ಬಡ್ಡಿ ತನ್ನ ಪಾಡಿಗೆ ಬೆಳೆಯಿತು. ಆರೋಗ್ಯ ಕಾರ್ಯಕರ್ತರಿಗಾಗಿ ಕೇಂದ್ರ ಸರಕಾರವು ಸಾರಿದ 50 ಲಕ್ಷ ರೂಪಾಯಿಗಳ ವಿಮೆಯಾದರೋ, ಖಾಸಗಿಯವರ ಪಾಲಿಗೆ, ಸರಕಾರವು ಕೋವಿಡ್ ಕೆಲಸಕ್ಕೆ ಕರೆಸಿಕೊಂಡವರಿಗೆಂದು ಹೊರಟುದು. ತನ್ನ ಪೇಟೆಯಲ್ಲಿ ತನ್ನ ರೋಗಿಯ ಬಾಯಿಯಿಂದ ಸೋಂಕು ಹತ್ತಿಸಿಕೊಂಡವನು ಯಾರ ಕರೆಯ ಮೇಲೆ ದುಡಿಯುತ್ತಿದ್ದನು? ಚಪ್ಪಾಳೆಯ ದಿನ ಅವನೂ ವೈದ್ಯ. ದೀಪ ಹಚ್ಚಿದ ದಿನ ಅವನೂ ವೈದ್ಯ. ಲೆಕ್ಕ ಬರೆಯುವ ದಿನ ಅವನು ಅಂಗಡಿಕಾರ.

ಬೇರೊಂದು ದೇಶದ ನಿದರ್ಶನವನ್ನು ಇಲ್ಲಿ ಹೇಳುವುದು ಯುಕ್ತ. ಇಂಗ್ಲೆಂಡಿನಲ್ಲಿಯೂ ಮಾರ್ಚ್ 25ರಿಂದ ಜೂನ್ 8ರ ತನಕ ಸಾಮಾನ್ಯ ದಂತಚಿಕಿತ್ಸೆಯನ್ನು ನಿಲ್ಲಿಸಿದ್ದರು. ಆದರೆ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆಯೊಡನೆ ಒಪ್ಪಂದದಲ್ಲಿದ್ದ ದಂತವೈದ್ಯರಿಗೆ, ಸ್ವಲ್ಪ ಕಡಿತದೊಡನೆ, ಒಪ್ಪಂದದ ಹಣವು ತಿಂಗಳು ತಿಂಗಳು ಸಲ್ಲುತ್ತಿತ್ತು. ತುರ್ತು ಹಲ್ಲುನೋವಿಗೆಂದು ಪ್ರತ್ಯೇಕ ಕೇಂದ್ರಗಳನ್ನು ತೆರೆದು, ಉಳಿದವರು ಫೋನಿನಲ್ಲಿ ಸಲಹೆಯಿತ್ತು ರೋಗಿಗಳನ್ನು ಅಲ್ಲಿಗೆ ಕಳುಹಿಸುವ ವ್ಯವಸ್ಥೆ ಮಾಡಿದರು. ಅಲ್ಲಿಯೂ ಕಷ್ಟವಿರಲಿಲ್ಲವೆಂದಲ್ಲ, ಕೇಂದ್ರಗಳು ಸಾಲದೆ ಜನರು ನರಳಿದರು, ಖಾಸಗಿಯಾಗಿಯೇ ದುಡಿಯುವವರಿಗೆ ಆ ಹಣವೂ ಇರಲಿಲ್ಲ. ಆದರೂ ಮೇಲೆ ಹೇಳಿದ ಮೂರು ಲಕ್ಷಣಗಳಲ್ಲಿ ಎರಡು, ಎಂದರೆ ನಾಳೆಯ ಭರವಸೆ ಮತ್ತು ಬದಲಿ ವ್ಯಕ್ತಿ, ಅಲ್ಲಿ ಒಂದು ಮಟ್ಟಿಗೆ ಇದ್ದುವು. ಬಿಡುವೆಂಬುದು ಮನಸ್ಸಿನ ಒಂದು ಸ್ಥಿತಿಯಲ್ಲ, ಯೋಗಾಭ್ಯಾಸದಿಂದ ಬರುವ ಸಿದ್ಧಿಯಲ್ಲ. ಸಮಾಜವು ಕಟ್ಟಿಕೊಡಬೇಕಾದ ಒಂದು ಏರ್ಪಾಡು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೇ?

ಬಾಗಿಲು ಮತ್ತೆ ತೆರೆದ ಮೇಲಿನ ಕಥೆಯನ್ನು ಈ ಬಿಡುವಿನ ಭಾಷಣಕಾರರು ಹೇಳುವುದೇ ಇಲ್ಲ. 2020ರ ಮೇ 19ರಂದು ಕೇಂದ್ರ ಆರೋಗ್ಯ ಸಚಿವಾಲಯವು ದಂತವೈದ್ಯರಿಗೆ ಮಾರ್ಗಸೂಚಿಯನ್ನು ಹೊರಡಿಸಿತು. ನಿರ್ಬಂಧಿತ ವಲಯದಲ್ಲಿ ಬಾಗಿಲು ತೆರೆಯಬಾರದು; ಕೆಂಪು ವಲಯದಲ್ಲಿ ತುರ್ತು ಚಿಕಿತ್ಸೆ ಮಾತ್ರ; ಉಳಿದೆಡೆಗಳಲ್ಲಿಯೂ ಮುಂದೂಡಬಹುದಾದುದನ್ನು ಮುಂದೂಡಬೇಕು. ಜೂನ್ ತಿಂಗಳ ಸೆಕೆಯಲ್ಲಿ ಮೈತುಂಬ ರಕ್ಷಾಕವಚ, ಮುಖಕ್ಕೆ ಎನ್-95, ಅದರ ಮೇಲೊಂದು ಮುಖಫಲಕ. ಗಾಳಿ ತಂಪಾಗಿಸುವ ಯಂತ್ರವನ್ನು ನಿಲ್ಲಿಸಿ ಕಿಟಕಿ ತೆರೆದು ಕುಳಿತರೆ ಒಳಗೆ ಬೆವರು, ಕನ್ನಡಕಕ್ಕೆ ಮಂಜು. ಒಬ್ಬ ರೋಗಿ ಎದ್ದ ಬಳಿಕ ಕೋಣೆಯ ಗಾಳಿ ತಿಳಿಯಾಗುವ ತನಕ ಕಾದು, ಎಲ್ಲವನ್ನೂ ಒರಸಿ, ಕವಚವನ್ನು ಕಳಚಿ, ಮತ್ತೊಂದನ್ನು ತೊಟ್ಟು ಇನ್ನೊಬ್ಬರನ್ನು ಕರೆಯಬೇಕು. ದಿನಕ್ಕೆ ಇಪ್ಪತ್ತು ಮಂದಿಯನ್ನು ನೋಡುತ್ತಿದ್ದವನು ಐದಾರು ಮಂದಿಯನ್ನು ನೋಡುವಷ್ಟರಲ್ಲಿ ಕತ್ತಲಾಗುತ್ತಿತ್ತು. ದುಡಿಮೆಯ ಹೊತ್ತು ಕಡಿಮೆಯಾಗಲಿಲ್ಲ. ಪ್ರತಿಫಲ ಕಡಿಮೆಯಾಯಿತು, ಖರ್ಚು ಏರಿತು. ಆ ಖರ್ಚನ್ನು ಶುಲ್ಕಕ್ಕೆ ಸೇರಿಸಿದಾಗ, 'ಕೋವಿಡ್ ಹೆಸರಿನಲ್ಲಿ ಸುಲಿಗೆ' ಎಂದು ಗೊಣಗಿದವರು ಯಾರು? ನಾವೇ. ನಡುರಾತ್ರಿಯ ಫೋನನ್ನು ಮರೆತು, ಬೆಳಗಿನ ರಶೀದಿಯನ್ನು ನೆನಪಿಟ್ಟುಕೊಂಡವರು ನಾವೇ.

ಇನ್ನು ಮನೆ. ಹಗಲೆಲ್ಲ ಹತ್ತು ಬಾಯಿಗಳ ಮಂಜಿನಲ್ಲಿ ನಿಂತವರು ಸಂಜೆ ಮನೆಯ ಹೊಸ್ತಿಲಲ್ಲಿ ನಿಂತು ಯೋಚಿಸಬೇಕಾಗಿತ್ತು: ಒಳಗೆ ಎಂಬತ್ತರ ತಾಯಿ, ಎರಡು ವರ್ಷದ ಕೂಸು. ಅಂಗಳದ ಬಚ್ಚಲಲ್ಲಿ ಮಿಂದು, ಹಿತ್ತಿಲ ಕೋಣೆಯಲ್ಲಿ ಊಟ ಮಾಡಿ, ಮಗುವನ್ನು ಕಿಟಕಿಯಿಂದ ನೋಡಿ ಮಲಗಿದವರುಂಟು. ಹತ್ತಿರವಿದ್ದೂ ದೂರವಿರುವ ಈ ವಾಸವನ್ನು ಯಾವ ತಕ್ಕಡಿಯಲ್ಲಿ ತೂಗುವಿರಿ? ವೈದ್ಯೆಯರ ಪಾಡಂತೂ ಇಮ್ಮಡಿ. ಶಾಲೆ ಫೋನಿನ ತೆರೆಗೆ ಬಂದುದರಿಂದ ಮಕ್ಕಳ ಪಾಠ, ಕೆಲಸದವರು ಬಾರದುದರಿಂದ ಅಡಿಗೆ ಪಾತ್ರೆ, ಹಿರಿಯರ ಮದ್ದು. ಇವುಗಳ ನಡುವೆ ರೋಗಿಗಳ ಕರೆ. ಗಂಡಸರು 'ಮನೆಯ ಸುಖವನ್ನು ಕಂಡೆವು' ಎಂದು ಲೇಖನ ಬರೆದರು. ಆ ಸುಖವನ್ನು ಬೇಯಿಸಿ ಬಡಿಸಿದವರು ಲೇಖನ ಬರೆಯಲು ಪುರಸೊತ್ತಿಲ್ಲದವರು. ನಮ್ಮ ಇಂಥ ಪತ್ರಿಕೆಗಳಲ್ಲಿಯೂ ಲಾಕ್‌ಡೌನಿನ ಕುರಿತು ಬಂದ ಕವಿತೆ ಹರಟೆಗಳನ್ನು ತೆಗೆದು ನೋಡಿದರೆ, ಹಕ್ಕಿಯ ದನಿ ಕೇಳಿಸಿತೆಂದು ಬರೆದವರೇ ಹೆಚ್ಚು. ಹಕ್ಕಿಯ ದನಿ ಮೊದಲೂ ಇತ್ತು. ಕೇಳಿಸದಿದ್ದುದು ಪಕ್ಕದ ಕೋಣೆಯ ದಣಿವು.

ಇಷ್ಟು ಹೇಳಿದ ಮೇಲೆ ಒಂದು ಪ್ರಬಲವಾದ ಆಕ್ಷೇಪವನ್ನು ಎದುರಿಸಬೇಕು. 'ಕೂಲಿಕಾರನ ಒಲೆ ಉರಿಯದ ದಿನಗಳಲ್ಲಿ, ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಮನೆ ಮನೆ ಅಲೆದ ದಿನಗಳಲ್ಲಿ, ದಂತವೈದ್ಯರಿಗಾಗಿ ಕಣ್ಣೀರು ಹಾಕಬೇಕೇ? ಅವರು ಅನುಕೂಲಸ್ಥರಲ್ಲವೇ?' ಈ ಪ್ರಶ್ನೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಬೀಡಿ ಕಟ್ಟುವವಳ ಮತ್ತು ತೋಟದ ಆಳಿನ ಸಂಕಟವು ದಂತವೈದ್ಯನ ಸಂಕಟಕ್ಕಿಂತ ದೊಡ್ಡದೇ ಸರಿ. ಆದರೆ ಮೊದಲನೆಯದಾಗಿ, ಬಾಗಿಲು ಮುಚ್ಚಿದಾಗ ಮೊದಲು ಕೆಲಸ ಕಳೆದುಕೊಂಡವಳು ವೈದ್ಯನಲ್ಲ, ಅವನ ಬಳಿ ಉಪಕರಣ ತೊಳೆಯುತ್ತಿದ್ದ ಹುಡುಗಿ. ಅವಳ ಸಂಬಳವೂ ಆ ಕುರ್ಚಿಗೇ ಕಟ್ಟಿಕೊಂಡಿದೆ. ಎರಡನೆಯದಾಗಿ, ನಾವು ಕಣ್ಣೀರನ್ನು ಕೇಳುತ್ತಿಲ್ಲ, ವ್ಯವಸ್ಥೆಯನ್ನು ಕೇಳುತ್ತಿದ್ದೇವೆ. ದಣಿದ ವೈದ್ಯನ ಕೈ ನಡುಗಿದರೆ ನಷ್ಟ ಅವನಿಗಲ್ಲ, ಬಾಯಿ ತೆರೆದು ಕುಳಿತವನಿಗೆ. ಸಾಲದಿಂದ ಬೇಸತ್ತ ತರುಣ ದಂತವೈದ್ಯರು ಕಸುಬನ್ನು ಬಿಟ್ಟರೆ, ಊರನ್ನು ಬಿಟ್ಟು ಕೊಲ್ಲಿಯ ದೇಶಕ್ಕೆ ಹೋದರೆ, ನಷ್ಟ ಊರಿನದು.

ಆ ನಷ್ಟವು ನಮ್ಮ ಸೀಮೆಗೆ ಎಂಥದೆಂಬುದನ್ನು ಬಿಡಿಸಿ ಹೇಳಬೇಕು. ನಾವು ಅಡಿಕೆಯಿಂದ ಬದುಕುವವರು. ಅಡಿಕೆಯನ್ನು ಅಗಿಯುವವರೂ ಹೌದು. ಹೊಗೆಸೊಪ್ಪು ಇಲ್ಲದೆಯೂ ಅಡಿಕೆಯನ್ನು ಅಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿಯೇ ಪ್ರಕಟಿಸಿದೆ. ಈ ಮಾತು ನಮ್ಮ ತೋಟದವರಿಗೆ ರುಚಿಸದು; ನಮಗೂ ರುಚಿಸುವುದಿಲ್ಲ. ಆದರೂ ಬಾಯಿ ಪೂರ್ತಿ ತೆರೆಯಲಾಗದೆ ಬಿಗಿಯುವುದು, ಕೆನ್ನೆಯ ಒಳಗೆ ಬಿಳಿಯ ಮಚ್ಚೆ ಕಾಣುವುದು, ವಾಸಿಯಾಗದ ಹುಣ್ಣು, ಈ ಚಿಹ್ನೆಗಳನ್ನು ಮೊದಲು ಕಾಣುವ ಕಣ್ಣು ಹೆಚ್ಚಾಗಿ ದಂತವೈದ್ಯರದೇ. ಹಲ್ಲು ಕೀಳಿಸಲು ಹೋದವನ ಬಾಯಿಯಲ್ಲಿ ಹುಣ್ಣನ್ನು ಕಂಡು ಜೀವ ಉಳಿಸಿದ ನಿದರ್ಶನಗಳು ಪ್ರತಿ ಊರಿನಲ್ಲಿಯೂ ಇವೆ. 2020ರಲ್ಲಿ ಆ ಕಣ್ಣು ತಿಂಗಳುಗಟ್ಟಲೆ ಮುಚ್ಚಿತ್ತು. 2021ರ ಎರಡನೆಯ ಅಲೆಯಲ್ಲಿ ಕಪ್ಪು ಶಿಲೀಂಧ್ರ ರೋಗವು ಹಬ್ಬಿದಾಗ, ಮೇಲ್ದವಡೆಯ ನೋವು, ಕಾರಣವಿಲ್ಲದೆ ಅಲುಗುವ ಹಲ್ಲು, ಅಂಗುಳಿನ ಬಣ್ಣಗೆಡುವಿಕೆ ಇವೇ ಹಲವರಲ್ಲಿ ಅದರ ಮೊದಲ ಸೂಚನೆಗಳಾಗಿದ್ದುವು. ಅವನ್ನು ಗುರುತಿಸಿದವರಲ್ಲಿ ದಂತವೈದ್ಯರಿದ್ದರು. ಇನ್ನೊಂದು ಚೋದ್ಯ: ಆ ಕಾಲದ ಆತಂಕದಿಂದ ಜನರು ನಿದ್ದೆಯಲ್ಲಿ ಹಲ್ಲು ಕಡಿಯತೊಡಗಿದರು. 2021ರ ಆರಂಭದಲ್ಲಿ ಅಮೆರಿಕದ ದಂತವೈದ್ಯ ಸಂಘವು ಕೇಳಿದಾಗ, ನೂರಕ್ಕೆ 70ಕ್ಕೂ ಹೆಚ್ಚು ವೈದ್ಯರು ಇಂಥ ರೋಗಿಗಳು ಹೆಚ್ಚಿದರೆಂದರು. ಹಲ್ಲು ಕಡಿಯುತ್ತಿದ್ದ ಲೋಕವು ಹಲ್ಲಿನ ವೈದ್ಯನನ್ನು ನೋಡಿ, 'ನಿನಗೇನು, ಬಿಡುವು' ಎಂದಿತು.

'ವೈದ್ಯವೃತ್ತಿ ತ್ಯಾಗದ ವೃತ್ತಿ. ಅಲ್ಲಿ ಬಿಡುವಿನ ಲೆಕ್ಕ ಹಾಕಬಾರದು' ಎನ್ನುವ ಇನ್ನೊಂದು ಪಂಗಡವುಂಟು. ಇವರಿಗೆ ಉತ್ತರ ಕೊಡಲು ಎಣ್ಮಕಜೆಗಿಂತ ಹೆಚ್ಚಿನ ಅರ್ಹತೆ ಯಾವ ಊರಿಗಿದೆ? ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ, ಪಡ್ರೆಯ ಮನೆಮನೆಯ ಕಾಯಿಲೆಗಳ ಹಿಂದೆ ಏನೋ ಇದೆಯೆಂದು ಶಂಕಿಸಿ, ಬರೆದು, ಎಚ್ಚರಿಸಿದವರು ವಾಣೀನಗರದ ಡಾ. ವೈ. ಎಸ್. ಮೋಹನ ಕುಮಾರ್. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಲೋಕಕ್ಕೆ ತಿಳಿಸಿದರು. ಸಿಂಪರಣೆ ನಿಂತುದು 2000ದ ಹೊತ್ತಿಗೆ. ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಲ್ಲಿ ತಡೆದುದು 2011ರ ಮೇ ತಿಂಗಳಲ್ಲಿ. ಆ ವೈದ್ಯರ ಬಗ್ಗೆ ನಮಗೆ ಗೌರವವಿದೆ. ಗೌರವದೊಡನೆ ನಾಚಿಕೆಯೂ ಇರಬೇಕು. ಒಂದು ಇಲಾಖೆ, ಒಂದು ವಿಶ್ವವಿದ್ಯಾಲಯ, ಒಂದು ಸರಕಾರ ಮಾಡಬೇಕಾಗಿದ್ದ ಕೆಲಸದ ಭಾರವು ಒಬ್ಬ ಹಳ್ಳಿಯ ವೈದ್ಯರ ಮೇಜಿನ ಮೇಲೆ ಬಿದ್ದುದು ಅವರ ಹಿರಿಮೆಗೆ ಸಾಕ್ಷಿಯಾದಂತೆಯೇ ನಮ್ಮ ವ್ಯವಸ್ಥೆಯ ಕೀಳ್ಮೆಗೂ ಸಾಕ್ಷಿ. ತ್ಯಾಗವನ್ನು ಹೊಗಳುವುದು ಅಗ್ಗದ ಕೆಲಸ. ಹೊಗಳಿಕೆಯಿಂದ ಹುದ್ದೆ ಸೃಷ್ಟಿಯಾಗುವುದಿಲ್ಲ. ನೆರೆಯ ಉಕ್ಕಿನಡ್ಕದಲ್ಲಿ 2013ರ ನವೆಂಬರಿನಲ್ಲಿ ಶಿಲಾನ್ಯಾಸವಾದ ವೈದ್ಯಕೀಯ ಕಾಲೇಜಿನ ಕಟ್ಟಡದಲ್ಲಿ ರೋಗಿಗಳಿಗೆ ಹಾಸಿಗೆ ಹಾಕಲು 2020ರ ಏಪ್ರಿಲಿನ ಮಹಾಮಾರಿಯೇ ಬರಬೇಕಾಯಿತೆಂಬುದನ್ನು ತ್ಯಾಗದ ಉಪದೇಶಕರು ಒಮ್ಮೆ ನೆನೆಯಲಿ.

ಹಾಗಾದರೆ ಆಗಬೇಕಾದುದೇನು? ನಾವು ಅಸಾಧ್ಯವಾದುದನ್ನು ಕೇಳುವುದಿಲ್ಲ. ಗಡಿಯ ಪಂಚಾಯತುಗಳಿಗೆ ಸೇವೆ ಸಲ್ಲಿಸುವ ಪ್ರತಿಯೊಂದು ಸಮುದಾಯ ಆರೋಗ್ಯ ಕೇಂದ್ರದಲ್ಲಿಯೂ ಸರಕಾರಿ ದಂತವೈದ್ಯರಿರಬೇಕು. ಒಬ್ಬರಲ್ಲ, ಸರದಿಯ ಮೇಲೆ ಇಬ್ಬರು. ಒಬ್ಬನೇ ಇರುವಲ್ಲಿ ಬಿಡುವೆಂಬುದು ಸಾಧ್ಯವೇ ಇಲ್ಲ. ಪೇಟೆಯ ಖಾಸಗಿ ದಂತವೈದ್ಯರು ತಮ್ಮೊಳಗೆ ಭಾನುವಾರದ ಮತ್ತು ರಾತ್ರಿಯ ತುರ್ತಿಗೆ ಸರದಿಯನ್ನು ಗೊತ್ತುಮಾಡಿಕೊಳ್ಳಲಿ. ರಾಜ್ಯದ ಗಡಿಯನ್ನು ನೋಡದೆ ಪೆರ್ಲ, ಬದಿಯಡ್ಕ, ವಿಟ್ಲಗಳನ್ನು ಒಂದೇ ಸೀಮೆಯೆಂದೆಣಿಸಲಿ. ಸರಕಾರದ ಆಜ್ಞೆಯಿಂದ ಮುಚ್ಚಿದ ಚಿಕಿತ್ಸಾಲಯಕ್ಕೆ ಮುಚ್ಚಿದಷ್ಟು ಕಾಲದ ಬಡ್ಡಿ ತಪ್ಪಬೇಕು, ಅಲ್ಲಿಯ ಸಹಾಯಕರಿಗೆ ಜೀವನಾಧಾರ ದೊರೆಯಬೇಕು. ರೋಗಿಯಿಂದ ಸೋಂಕು ತಗಲಿ ಸತ್ತವನು ಯಾರ ಕರೆಯ ಮೇಲೆ ದುಡಿದನೆಂದು ಕೇಳದೆ ವಿಮೆ ಸಲ್ಲಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ರೋಗಿಯ ಹಾದಿಯನ್ನು ಇನ್ನೆಂದೂ ಮುಚ್ಚಬಾರದು. 2021ರ ಫೆಬ್ರವರಿಯಲ್ಲಿ ಮತ್ತೆ ಸಾರಡ್ಕದ ತಪಾಸಣೆಯಲ್ಲಿ ಪರೀಕ್ಷೆಯ ಕಾಗದಕ್ಕಾಗಿ ತಡೆದಾಗ ನಾವು ಹಳೆಯ ಪಾಠವನ್ನು ಯಾರೂ ಕಲಿತಿಲ್ಲವೆಂದು ಕಂಡೆವು. ಕನ್ನಡಿಗರ ರಾಜ್ಯವೆಂದು ನಾವು ಅಭಿಮಾನದಿಂದ ಕಾಣುವ ಸರಕಾರವೇ ನಮ್ಮ ರಸ್ತೆಗೆ ಮಣ್ಣು ಸುರಿದುದನ್ನು ಮರೆತು, ನವೆಂಬರ್ ಬಂದೊಡನೆ ಬಾವುಟ ಹಾರಿಸಿ ಸುಮ್ಮನಿರುವುದು ಭಾಷಾಭಿಮಾನವಾಗದು.

ಸರಕಾರಕ್ಕೆ ಇಷ್ಟು ಹೇಳಿದ ಮೇಲೆ ನಮಗೆ ನಾವು ಹೇಳಿಕೊಳ್ಳಬೇಕಾದುದು ಉಳಿದಿದೆ. ದಂತವೈದ್ಯರ ಬಿಡುವನ್ನು ಕಸಿದುದು ಮಹಾಮಾರಿ ಮಾತ್ರವೇ? ನೋವು ತಡೆಯಲಾರದಾಗುವ ತನಕ ಬಾಯಿ ತೆರೆಯದೆ, ತಡೆಯಲಾರದಾದಾಗ ಭಾನುವಾರ ಮಧ್ಯಾಹ್ನ ಮನೆಗೇ ಹೋಗಿ ಬಾಗಿಲು ಬಡಿಯುವವರು ನಾವು. ಸಣ್ಣ ಹುಳುಕನ್ನು ತುಂಬಿಸಲು ಪುರಸೊತ್ತಿಲ್ಲದೆ, ಇಡೀ ಹಲ್ಲನ್ನು ಕೀಳಿಸಲು ತುರ್ತು ಮಾಡುವವರು ನಾವು. ನಮ್ಮ ಸಂಘಗಳು ಯಕ್ಷಗಾನಕ್ಕೂ ಸಾಹಿತ್ಯ ಸಮ್ಮೇಳನಕ್ಕೂ ಕರಪತ್ರ ಹಂಚುತ್ತವೆ. ಬಾಯಿಯ ಆರೋಗ್ಯದ ಕುರಿತು ಸರಳ ಕನ್ನಡದಲ್ಲಿ ಒಂದು ಹಾಳೆಯನ್ನು ಶಾಲೆಯ ಮಕ್ಕಳಿಗೆ ಹಂಚಲು ಎಷ್ಟು ಸಂಘಗಳು ಮುಂದಾಗಿವೆ? ಕನ್ನಡ ಉಳಿಯಬೇಕೆಂದು ಹೇಳುವ ಬಾಯಿಯೂ ಉಳಿಯಬೇಕಲ್ಲವೇ?

ನಮ್ಮ ಪತ್ರಿಕೆ ಚಿಕ್ಕದು. ಕೈಯಚ್ಚಿನ ಕೆಲವು ನೂರು ಪ್ರತಿಗಳಿಂದ ಸರಕಾರಗಳು ಅಲುಗುವುವೆಂಬ ಭ್ರಮೆ ನಮಗಿಲ್ಲ. ಆದರೆ ಒಂದು ಸುಳ್ಳು ಮಾತು ನಮ್ಮ ನಡುವೆ ಓಡಾಡುವುದನ್ನು ತಡೆಯಲು ಇಷ್ಟು ಪ್ರತಿಗಳು ಸಾಕು. ಇನ್ನು ಮುಂದೆ ಯಾವ ಚಪ್ಪರದಲ್ಲಾಗಲಿ ಲಾಕ್‌ಡೌನ್ ದಂತವೈದ್ಯರಿಗೆ ಬಿಡುವು ಕೊಟ್ಟಿತೆಂದು ಯಾರಾದರೂ ಹೇಳಿದರೆ, ಆ ಬಿಡುವಿನ ಬಾಡಿಗೆಯನ್ನು ಯಾರು ತೆತ್ತರು, ಆ ಬಿಡುವಿನಲ್ಲಿ ರಾತ್ರಿ ಒಂದು ಗಂಟೆಗೆ ಫೋನು ಹಿಡಿದವರು ಯಾರು ಎಂದು ವಾಚಕರು ಕೇಳಲಿ. ನಮಗೆ ಮದ್ದು ಹೇಳಿದ ಆ ವೈದ್ಯರಿಗೆ ಅಂದು ಸಲ್ಲಬೇಕಾಗಿದ್ದ ಶುಲ್ಕವನ್ನು ನಾವು ಈಚೆಗೆ ಒಯ್ದುಕೊಟ್ಟೆವು. ಅವರು ತೆಗೆದುಕೊಳ್ಳಲು ಒಪ್ಪಲಿಲ್ಲ. ಒಪ್ಪಬೇಕೆಂದು ನಾವು ಬಿಡಲಿಲ್ಲ. ಕೊನೆಗೆ ಅವರು ತೆಗೆದುಕೊಂಡು, ಮುಂದಿನ ತಿಂಗಳು ಒಂದು ವಾರ ಚಿಕಿತ್ಸಾಲಯವನ್ನು ಮುಚ್ಚುತ್ತೇನೆ, ಆ ವಾರ ಪಕ್ಕದ ಪೇಟೆಯವರು ನನ್ನ ರೋಗಿಗಳನ್ನು ನೋಡಿಕೊಳ್ಳಲು ಒಪ್ಪಿದ್ದಾರೆ ಎಂದರು. ನಾವು ಬಿಡುವೆಂದು ಕರೆಯುವುದು ಇದನ್ನು.